ಕನ್ನಡಿಯಲ್ಲಿ ಕಂಡ ಲಾಠಿ

ಸೆಲೂನಿನವನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಕರೆಂಟ್ ಬಿಲ್ಲಿಗೆ ಮಾತ್ರ. ಮಿಕ್ಕವರಿಗೆಲ್ಲ ಅವನು ಸಂಶಯಪ್ಪ. ಹೊಸ ಬ್ಲೇಡಿನ ಪೊಟ್ಟಣ ಬಂದರೆ ಮೊದಲು ಮೂಸಿ ನೋಡುವವನು. ಗಿರಾಕಿ ಕೂತು ‘ಇವತ್ತು ಸ್ವಲ್ಪ ಚೆನ್ನಾಗಿ ಮಾಡಪ್ಪ’ ಎಂದರೆ, ‘ಯಾಕೆ, ಯಾರನ್ನ ನೋಡೋಕೆ ಹೊರಟಿದೀರಿ?’ ಎಂದು ಕೇಳುವವನು. ಹೆಂಡತಿ ತಾನಾಗಿ ಟೀ ತಂದಿಟ್ಟರೆ ಲೋಟ ಮುಟ್ಟುವ ಮುಂಚೆ, ‘ಏನು ವಿಷಯ, ನಿಮ್ಮಣ್ಣ ಬರ್ತಿದಾನಾ?’ ಎನ್ನುವವನು. ಒಂದೆರಡು ಸಲ ಅಣ್ಣ ನಿಜಕ್ಕೂ ಬಂದಿದ್ದ. ಸಂಶಯದ ಗಿಡಕ್ಕೆ ಅಷ್ಟು ಗೊಬ್ಬರ ಧಾರಾಳವಾಯಿತು.

ಅಂಗಡಿ ಚಿಕ್ಕದು. ಎರಡು ತಿರುಗು ಕುರ್ಚಿ, ಅವುಗಳ ಎದುರಿಗೆ ಗೋಡೆ ತುಂಬ ಒಂದೇ ಹಾಳೆಯ ಕನ್ನಡಿ, ಕನ್ನಡಿಯ ಕೆಳಗೆ ಬಾಚಣಿಗೆ, ಕತ್ತರಿ, ನೀರು ಚಿಮುಕಿಸುವ ಬಾಟಲಿ, ಪೌಡರು ಸಾಲಾಗಿ ನಿಂತ ಹಲಗೆ. ಹಿಂದಿನ ಗೋಡೆಗೆ ಕಾಯುವವರ ಬೆಂಚು. ಆ ಬೆಂಚಿನ ನೆತ್ತಿಯ ಮೇಲೆ ಟಿವಿ. ಕರೆಂಟಿನ ಪ್ಲಗ್ಗು ಇದ್ದದ್ದು ಆ ಗೋಡೆಯಲ್ಲಿ ಮಾತ್ರ, ಹಾಗಾಗಿ ಟಿವಿ ಅಲ್ಲೇ ಏರಿ ಕೂತಿತು. ಇದರಿಂದಾದ ತಮಾಷೆಯೆಂದರೆ ಆ ಅಂಗಡಿಯಲ್ಲಿ ಯಾರೂ ಟಿವಿಯನ್ನು ನೇರವಾಗಿ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರಿಗೆ ಅದು ಬೆನ್ನ ಹಿಂದೆ, ಬೆಂಚಿನಲ್ಲಿ ಕೂತವರಿಗೆ ತಲೆಯ ಮೇಲೆ. ಎಲ್ಲರೂ ನೋಡುತ್ತಿದ್ದದ್ದು ಕನ್ನಡಿಯಲ್ಲಿ. ಸುದ್ದಿಯ ಅಕ್ಷರಗಳು ಅಲ್ಲಿ ತಿರುಗುಮುರುಗಾಗಿ ಓಡುತ್ತಿದ್ದವು. ಹಳೆಯ ಗಿರಾಕಿಗಳು ಅದನ್ನೂ ಸರಾಗವಾಗಿ ಓದಲು ಕಲಿತಿದ್ದರು.

‘ಟಿವಿಯವರು ಸುದ್ದೀನ ತಿರುಚಿ ಹೇಳ್ತಾರೆ, ನನ್ನ ಕನ್ನಡಿ ಅದನ್ನ ಇನ್ನೊಂದು ಸಲ ತಿರುಚುತ್ತೆ. ಅಲ್ಲಿಗೆ ಸರಿ ಹೋಯ್ತಲ್ಲ! ಊರಲ್ಲಿ ನಿಜ ಸುದ್ದಿ ಬರೋದು ನನ್ನ ಅಂಗಡೀಲಿ ಮಾತ್ರ,’ ಎಂದು ಸಂಶಯಪ್ಪ ಕತ್ತರಿ ಆಡಿಸುತ್ತ ಹೇಳುವನು. ಗಿರಾಕಿಗಳು ನಗುವರು. ಬ್ಲೇಡು ಕತ್ತಿನ ಮೇಲಿರುವಾಗ ನಗದೆ ಇರುವುದಕ್ಕೆ ಧೈರ್ಯ ಬೇಕು.

ಆ ಕನ್ನಡಿ ಭಾವ ಕೊಡಿಸಿದ್ದು. ಅಂಗಡಿ ತೆರೆದ ದಿನ ಅಕ್ಕನ ಗಂಡ, ಪಕ್ಕದ ಠಾಣೆಯ ಪೇದೆ, ಅದನ್ನು ಇನ್ನೊಬ್ಬ ಪೇದೆಯ ಜೊತೆ ಹೆಗಲ ಮೇಲೆ ಹೊತ್ತು ತಂದು, ಗೀರೂ ಬೀಳದಂತೆ ಗೋಡೆಗೆ ಕೂರಿಸಿದ್ದ. ಭಾವ ಮಾತು ಕಡಿಮೆಯ ಮನುಷ್ಯ, ಹುಟ್ಟಾ ಎಡಚ. ಮೊಳೆ ಹೊಡೆಯುವುದು, ಸಹಿ ಹಾಕುವುದು, ಮಗಳ ಜಡೆ ಎಳೆಯುವುದು ಎಲ್ಲ ಎಡಗೈಯಲ್ಲೇ. ತರಬೇತಿಯಲ್ಲಿ ಗದರಿಸಿ ಗದರಿಸಿ ಲಾಠಿಯೊಂದನ್ನು ಮಾತ್ರ ಬಲಗೈಗೆ ದಾಟಿಸಿದ್ದರು. ಸಂಶಯಪ್ಪ ಇದಕ್ಕೂ ಒಂದು ಮಾತು ಕಟ್ಟಿದ್ದ: ‘ನಮ್ಮ ಭಾವ ಕವಾಯತಿಗೆ ಬಲಗೈ, ಕೋಪಕ್ಕೆ ಎಡಗೈ.’ ಭಾವನಿಗೆ ಕೋಪ ಬಂದದ್ದನ್ನು ಅವನು ಕಂಡಿರಲಿಲ್ಲ. ಮಾತು ಚೆನ್ನಾಗಿತ್ತು, ಅದಕ್ಕೆ ಇಟ್ಟುಕೊಂಡಿದ್ದ.

ಠಾಣೆಯವರೆಲ್ಲ ಭಾವನ ಬಾಯಿಮಾತಿನಿಂದ ಇಲ್ಲಿಗೇ ತಲೆ ಕೊಡಲು ಬರುತ್ತಿದ್ದರು. ಎಲ್ಲರಿಗೂ ಒಂದೇ ಕಟಿಂಗು: ಪಕ್ಕ ಗಿಡ್ಡ, ಹಿಂದೆ ಗೆರೆ ಎಳೆದ ಹಾಗೆ ಚೌಕ. ಅಕ್ಕ ಮಾತ್ರ ಅಂಗಡಿಯೊಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲೇ ನಿಂತು, ‘ಲೋ ತಮ್ಮಾ, ಸಂಜೆ ಮನೆಗೆ ಬಾರೋ’ ಎಂದು ಕೂಗಿ ಹೋಗುವಳು. ತಾಯಿ ಹೋದ ಮೇಲೆ ಅವನನ್ನು ಬೆಳೆಸಿದವಳು ಅವಳೇ. ಲೋಕದಲ್ಲಿ ಸಂಶಯಪ್ಪ ಸಂಶಯಪಡದ ಒಂದೇ ಒಂದು ಜೀವ ಅಕ್ಕ. ಅವಳು ಕೊಟ್ಟ ಟೀಯನ್ನು ಯಾಕೆ ಎಂದು ಕೇಳದೆ ಕುಡಿಯುತ್ತಿದ್ದ.

ಕಥೆ ಶುರುವಾದದ್ದು ಊರಿನ ಫುಟ್‌ಬಾಲ್ ತಂಡ ಫೈನಲ್ಲಿನಲ್ಲಿ ಸೋತ ದಿನ. ಕೊನೆಯ ಗಳಿಗೆಯಲ್ಲಿ ಮೆಲ್ಲಗೆ ಬಂದ ಚೆಂಡು ಗೋಲ್‌ಕೀಪರ್‌ನ ಕೈಯಿಂದ ಸೋಪಿನಂತೆ ಜಾರಿ ಬಲೆ ಸೇರಿತು. ಆ ಸಂಜೆಯೇ ಊರಿನ ಚಾನಲ್ಲಿನಲ್ಲಿ ಕೆಂಪಕ್ಷರ: ‘ಕೈ ಜಾರಿತೋ, ಜಾರಿಸಿದನೋ?’

ಸುದ್ದಿಯೂ ಒಂದು ಸರಕೇ. ಅದನ್ನು ಮಾರುವವರ ಜಾಣತನವೆಲ್ಲ ಆ ಕೊನೆಯ ಕೊಕ್ಕೆಯಲ್ಲಿದೆ. ಪ್ರಶ್ನೆಯ ಗುರುತು ಹಾಕಿದರೆ ನಾವು ಕೇಳಿದ್ದಷ್ಟೇ, ಹೇಳಲಿಲ್ಲ ಎಂದು ಜಾರಿಕೊಳ್ಳಬಹುದು. ಗೋಲ್‌ಕೀಪರ್ ಚೆಂಡನ್ನು ಜಾರಿಸಿದ್ದು ಒಂದು ಸಲ, ಚಾನಲ್ಲು ಅವತ್ತು ರಾತ್ರಿಯೆಲ್ಲ ಜಾರಿಸುತ್ತಲೇ ಇತ್ತು. ಕೈಗೆ ಕೆಂಪು ವೃತ್ತ, ಚೆಂಡಿಗೆ ಬಾಣ, ಹಿಂದೆ ಹೆಣ ಬಿದ್ದ ಮನೆಯ ಸಂಗೀತ.

‘ಮಾರಿಕೊಂಡಿದಾನೆ, ಬಿಡಿ,’ ಎಂದ ಔಷಧಿ ಅಂಗಡಿಯವನು, ಮುಖದ ತುಂಬ ನೊರೆ ಹಚ್ಚಿಕೊಂಡು.

‘ಹೊಸ ಬೈಕ್ ತಗೊಂಡಿದಾನಂತೆ,’ ಎಂದ ಬೆಂಚಿನ ಮೇಲಿದ್ದ ಲಾರಿ ಡ್ರೈವರ್.

‘ಹೋದ ವರ್ಷ ತಗೊಂಡಿದ್ದು ಅದು,’ ಎಂದ ಸಂಶಯಪ್ಪ.

‘ಹಂಗಾದ್ರೆ ಹೋದ ವರ್ಷದಿಂದಾನೇ ಮಾತುಕತೆ ನಡೀತಿತ್ತು ಅನ್ನು!’

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಾರನೆಯ ದಿನ ತಂಡ ಸ್ಟೇಡಿಯಮ್ಮಿಗೆ ವಾಪಸು ಬಂದಾಗ ಮುಂದಿನ ಗೇಟಿನಲ್ಲಿ ಆ ಕರುವಿಗೆ ಹಾಲೂಡಿಸಲು ನೂರಾರು ಮಂದಿ ಸೇರಿದ್ದರು. ಗೋಲ್‌ಕೀಪರ್ ಬಸ್ಸಿನಿಂದ ಇಳಿದ. ನೂಕುನುಗ್ಗಲಾಯಿತು. ಯಾರೋ ಕೂಗಿದರು, ಯಾರೋ ಚಪ್ಪಲಿ ತೂರಿದರು. ಮುಂದೆ ಆದದ್ದು ಏನೆಂಬುದಕ್ಕೆ ಊರಿಗೆ ಸಿಕ್ಕಿದ್ದು ಒಂದೇ ಒಂದು ಚೂರು ವಿಡಿಯೊ: ನೆಲದ ಮೇಲೆ ಗೋಲ್‌ಕೀಪರ್, ಅವನ ಮುಂದೆ ಬೆನ್ನು ತೋರಿಸಿ ನಿಂತ ಒಬ್ಬ ಪೇದೆ, ಮೇಲೆತ್ತಿದ ಲಾಠಿ. ಲಾಠಿ ಇಳಿಯುವ ಮುಂಚೆ ವಿಡಿಯೊ ಮುಗಿಯುತ್ತಿತ್ತು.

ಮಾತು ತಿರುಗಿಸಲು ಚಾನಲ್ಲಿನವರು ಅಂಗಡಿಯ ಬೋರ್ಡು ಬದಲಾಯಿಸುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ‘ನಮ್ಮ ಹುಡುಗನ ಮೇಲೆ ಲಾಠಿ! ಸೋತವನನ್ನು ಹೊಡೆಯುವುದು ಪೌರುಷವೇ?’ ಹಿಂದಿನ ದಿನ ಮಾರಿಕೊಂಡವನು ಇಂದು ಊರ ಮಗ. ಹಿಂದಿನ ವಾರವಷ್ಟೇ ಸರ ಕದಿಯುವವನನ್ನು ಬೆನ್ನಟ್ಟಿ ಹಿಡಿದರೆಂದು ಇದೇ ಠಾಣೆಯವರನ್ನು ‘ನಮ್ಮ ಕಾವಲು ಹುಲಿಗಳು’ ಎಂದು ಹೊಗಳಿದ್ದರು. ಹುಲಿಗಳು ಒಂದೇ ಮಧ್ಯಾಹ್ನದಲ್ಲಿ ತೋಳಗಳಾದವು.

‘ಪಾಪ ಕಣ್ರೀ ಆ ಹುಡುಗ,’ ಎಂದ ಔಷಧಿ ಅಂಗಡಿಯವನು.

‘ನೀವೇ ಅಲ್ವಾ ನಿನ್ನೆ ಮಾರಿಕೊಂಡ ಅಂದಿದ್ದು?’

‘ಅಂದಿದ್ದೆ ಕಣಪ್ಪ. ಮಾರಿಕೊಂಡ್ರೆ ಹೊಡೀಬೇಕು ಅಂತ ಕಾನೂನು ಇದೆಯಾ?’

ಸಂಶಯಪ್ಪನ ಕಣ್ಣು ಕನ್ನಡಿಯಲ್ಲಿ ನೆಟ್ಟಿತ್ತು. ಚೌಕ ಕತ್ತರಿಸಿದ ಹಿಂದಲೆ. ಇದು ನನ್ನ ಕೈಯ ಕೆಲಸ, ಎಂದುಕೊಂಡ. ಅಂದರೆ ನಮ್ಮ ಠಾಣೆಯವನೇ. ಆಮೇಲೆ ಲಾಠಿಯ ಕಡೆ ನೋಡಿದ. ಪೇದೆಯದು ಬೆನ್ನು ಈ ಕಡೆಗಿದೆ, ಲಾಠಿ ಎಡಗಡೆಗಿದೆ. ಹಾಗಾದರೆ ಎಡಗೈ.

ಅವನ ಬಾಚಣಿಗೆ ಔಷಧಿ ಅಂಗಡಿಯವನ ನೆತ್ತಿಯ ಮೇಲೆ ನಿಂತುಬಿಟ್ಟಿತು.

ಇಡೀ ಠಾಣೆಯಲ್ಲಿ ಎಡಚ ಒಬ್ಬನೇ. ಸ್ವಲ್ಪ ಹೊತ್ತಿನ ಮುಂಚೆ ಭಾವ ಅಂಗಡಿಯ ಮುಂದೆ ಹಾದುಹೋಗುವಾಗ ಎಡಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದದ್ದೂ ನೆನಪಾಯಿತು. ‘ಏನಾಯ್ತು ಭಾವ?’ ಎಂದರೆ, ‘ಗೇಟಿಗೆ ಸಿಕ್ಕಿಕೊಳ್ತು’ ಎಂದು ನಿಲ್ಲದೆ ಹೋಗಿದ್ದ. ನಿಲ್ಲದೆ ಯಾಕೆ ಹೋದ? ಯಾವ ಗೇಟು? ಸಂಶಯವೆಂಬುದು ನೆಂಟರ ಹಾಗೆ. ಒಬ್ಬರಿಗೆ ಬಾಗಿಲು ತೆಗೆದರೆ ಹಿಂದೆಯೇ ಗಂಟುಮೂಟೆ ಹೊತ್ತು ನಾಲ್ಕು ಮಂದಿ.

ಎಡಗೈಯ ವಿಷಯವನ್ನು ಅವನು ಯಾರಿಗೂ ಹೇಳಲಿಲ್ಲ. ಮನೆಗೆ ಹೋದ. ಹೆಂಡತಿ ಟಿವಿ ಹಾಕಿಕೊಂಡಿದ್ದಳು. ‘ಆರಿಸೇ, ಅಂಗಡೀಲಿ ನೋಡಿದ್ದೇ ಸಾಕಾಗಿದೆ,’ ಎಂದು ಮಗ್ಗುಲಾದ. ಅವನ ಫೋನು ಗುಂಡಿ ಒತ್ತುವ ಹಳೆಯದು. ವಿಡಿಯೊ ಬರುವ ಫೋನು ಮಾತು ಕದ್ದು ಕೇಳುತ್ತದೆಂದು ಅವನ ನಂಬಿಕೆ. ಹಾಗಾಗಿ ಊರೆಲ್ಲ ಅಂಗೈಯಲ್ಲಿ ಹಿಡಿದು ನೋಡಿದ ಆ ಚೂರನ್ನು ಅವನು ನೋಡಿದ್ದು ಕನ್ನಡಿಯಲ್ಲಿ ಮಾತ್ರ.

ಮರುದಿನ ಬೆಳಗ್ಗೆ ಅಂಗಡಿಗೆ ಮೈಕು ಬಂದ. ಚಾನಲ್ಲಿನ ವರದಿಗಾರ, ಮದುವೆಯೂಟಕ್ಕೆ ಕೂತರೂ ಮೈಕು ಕೆಳಗಿಡದವನು, ಅದಕ್ಕೇ ಆ ಹೆಸರು. ಗಡ್ಡ ಬೋಳಿಸಿಕೊಳ್ಳುವ ನೆಪ. ಅವನ ಜೊತೆಗಾರ ಕ್ಯಾಮೆರಾ ತೊಡೆಯ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತ.

‘ಅಣ್ಣಾ, ಪೊಲೀಸರೆಲ್ಲ ನಿಮ್ಮ ಹತ್ರಾನೇ ಬರೋದಲ್ವಾ?’ ಎಂದ ಮೈಕು, ನೊರೆಯ ನಡುವಿನಿಂದ.

‘ಬರ್ತಾರೆ. ನೀವೂ ಬಂದಿದೀರಿ. ನಂಗೆ ಎಲ್ಲ ತಲೆಗಳೂ ಒಂದೇ.’

‘ಹಿಂದಲೆ ನೋಡಿದ್ರೆ ಯಾರು ಅಂತ ಗೊತ್ತಾಗಲ್ವಾ ನಿಮಗೆ? ಕೈಪಳಗಿದೋರು ನೀವು.’

‘ಗೊತ್ತಾದ್ರೂ ಹೇಳೋನಲ್ಲ ನಾನು.’

‘ಯಾಕಣ್ಣ, ಹೆದರಿಕೆಯಾ? ಸಂಬಂಧಿಕರು ಇದಾರಲ್ಲ ಠಾಣೇಲಿ...’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸಂಶಯಪ್ಪನಿಗೆ ರೋಷ ಬಂತು. ತನ್ನ ನಿಷ್ಪಕ್ಷಪಾತವನ್ನು ಒಬ್ಬ ಟಿವಿಯವನು ಪ್ರಶ್ನಿಸುವುದೇ? ಬ್ಲೇಡನ್ನು ಎತ್ತಿ ಹಿಡಿದು ಹೇಳಿದ: ‘ನೋಡಿ ಸ್ವಾಮಿ, ಅದು ನನ್ನ ಅಕ್ಕನ ಗಂಡಾನೇ ಆಗಿರಲಿ, ತಪ್ಪು ತಪ್ಪೇ. ನಾನು ಮುಚ್ಚಿಡೋನಲ್ಲ.’

ಬೆಂಚಿನ ಮೇಲಿನ ಕ್ಯಾಮೆರಾದಲ್ಲಿ ಒಂದು ಕೆಂಪು ದೀಪ ಉರಿಯುತ್ತಿತ್ತು. ಅದೂ ಕನ್ನಡಿಯಲ್ಲಿ ಕಾಣುತ್ತಿತ್ತು. ಬ್ಲೇಡಿನ ಪೊಟ್ಟಣ ಮೂಸಿ ನೋಡುವವನು ಅದೊಂದನ್ನು ನೋಡಲಿಲ್ಲ.

ಸಂಜೆ ಊರಿಗೆ ಊರೇ ಕೇಳಿತು: ‘ಲಾಠಿ ಎತ್ತಿದ್ದು ನನ್ನ ಭಾವ! ಪೇದೆಯ ಬಾಮೈದನೇ ಬಾಯಿಬಿಟ್ಟನೇ?’ ಕೊನೆಗೆ ಆ ಕೊಕ್ಕೆ ಇತ್ತು, ನಿಜ. ಓದುವವರು ಕೊಕ್ಕೆ ಬರುವಷ್ಟರಲ್ಲಿ ಎದ್ದು ಹೋಗಿದ್ದರು. ಅವನ ಮಾತಿನಿಂದ ‘ಆಗಿರಲಿ’ಯನ್ನು ಕತ್ತರಿಸಿ, ‘ನನ್ನ ಅಕ್ಕನ ಗಂಡಾನೇ’ ಎಂಬುದಕ್ಕೆ ‘ನಾನು ಮುಚ್ಚಿಡೋನಲ್ಲ’ವನ್ನು ಹೊಲಿದಿದ್ದರು. ಅವನೇ ಮೆಚ್ಚುವಂತೆ ನುಣುಪಾದ ಕತ್ತರಿ ಕೆಲಸ.

ಮಾತು ಆಡಿದರೆ ಹೋಯಿತು. ರಾತ್ರಿಯಾಗುವ ಮುಂಚೆ ಭಾವನನ್ನು ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಎಂದು ಕಳಿಸಿದರು. ಅಕ್ಕನ ಮನೆಯ ಗೋಡೆಯ ಮೇಲೆ ಯಾರೋ ಇದ್ದಿಲಲ್ಲಿ ಲಾಠಿಯ ಚಿತ್ರ ಬರೆದರು. ಮರುದಿನ ಮಗಳು ಶಾಲೆಯಿಂದ ಅಳುತ್ತ ಬಂದಳು. ತರಕಾರಿಯವಳು ಅಕ್ಕನ ಕೈಗೆ ಚೀಲ ಕೊಡುವಾಗ ಮುಖ ಆಚೆ ತಿರುಗಿಸಿದಳಂತೆ. ಇದನ್ನೆಲ್ಲ ಸಂಶಯಪ್ಪನಿಗೆ ತಂದು ಮುಟ್ಟಿಸಿದವಳು ಹೆಂಡತಿ.

‘ರೀ, ನೀವು ಹಂಗಂದ್ರಾ?’

‘ಹಂಗಲ್ವೇ, ಬೇರೆ ಥರ ಅಂದೆ.’

‘ಯಾವ ಥರ ಅಂದ್ರೂ ಅಕ್ಕನ ಹೆಸರು ಯಾಕ್ರೀ ತಂದ್ರಿ ಬಾಯಿಗೆ?’

ಆದರೂ ಒಳಗೊಂದು ಮೂಲೆಯಲ್ಲಿ ಅವನಿಗೆ ಸಮಾಧಾನವೇ ಇತ್ತು. ಮಾತು ತಿರುಚಿದ್ದಾರೆ, ಸರಿ. ಆದರೆ ಲಾಠಿ ಎತ್ತಿದ್ದು ಭಾವನೇ ತಾನೆ? ಚಾನಲ್ಲಿನವರು ಸುಳ್ಳು ದಾರಿಯಲ್ಲಿ ನಡೆದು ನಿಜದ ಮನೆ ಮುಟ್ಟಿದ್ದಾರೆ. ಎಡಗೈ ಕಂಡದ್ದು ಈ ಊರಲ್ಲಿ ತನಗೊಬ್ಬನಿಗೆ.

ಅಂಗಡಿಗೆ ಗಿರಾಕಿಗಳು ಹೆಚ್ಚಿದರು. ಗೊತ್ತಿಲ್ಲದವರೂ ಬಂದು ಬೆನ್ನು ತಟ್ಟಿದರು. ಠಾಣೆಯವರು ಮಾತ್ರ ಒಬ್ಬರೂ ಬರಲಿಲ್ಲ. ಅವರ ಕೂದಲು ಕಾಲರ್ ಮುಟ್ಟುತ್ತಿದ್ದದ್ದು ಬೀದಿಯಲ್ಲಿ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲಲ್ಲಿ ಅಕ್ಕ ನಿಂತಳು. ಕೂಗಲಿಲ್ಲ. ಒಳಗೇ ಬಂದಳು. ಕುರ್ಚಿಯಲ್ಲಿದ್ದ ಲಾರಿ ಡ್ರೈವರ್ ಅವಳ ಮುಖ ನೋಡಿದವನೇ ಅರ್ಧ ಬೋಳಿಸಿದ ಗಡ್ಡದಲ್ಲೇ, ‘ಒಂದು ಟೀ ಕುಡಿದು ಬರ್ತೀನಿ’ ಎಂದು ಎದ್ದು ಹೋದ. ಅಕ್ಕ ಕೂರಲಿಲ್ಲ. ಕೈತೊಳೆಯುವ ಬೇಸಿನ್ನಿಗೆ ಒರಗಿ ನಿಂತಳು.

‘ಒಂದೇ ಒಂದು ಮಾತು ಕೇಳ್ತೀನಿ. ಸುಳ್ಳು ಹೇಳಬೇಡ,’ ಎಂದಳು. ‘ಟಿವಿಯವರು ಕತ್ತರಿಸಿದ್ರು ಅಂತ ನಿನ್ನ ಹೆಂಡತಿ ಹೇಳಿದ್ಲು. ಸರಿ. ಆದ್ರೆ ನಿನ್ನ ಮನಸ್ಸಲ್ಲೂ ನಿಮ್ಮ ಭಾವಾನೇ ಅಂತ ಇದೆಯಲ್ವಾ? ಮನೆ ಕಡೆ ತಲೆ ಹಾಕಿಲ್ಲ ನೀನು.’

ಸಂಶಯಪ್ಪ ಕತ್ತರಿಯನ್ನು ಒರೆಸಿದ. ಮತ್ತೆ ಒರೆಸಿದ. ‘ಅಕ್ಕಾ, ನಾನು ಯಾರಿಗೂ ಹೇಳಿಲ್ಲ. ನಿನಗೆ ಮಾತ್ರ ಹೇಳ್ತೀನಿ. ಆ ಲಾಠಿ ಹಿಡಿದಿರೋದು ಎಡಗೈಲಿ.’

‘ಎಡಗೈಲಾ?’

‘ನೀನೇ ನೋಡು. ಬರುತ್ತೆ ಈಗ, ಗಳಿಗೆಗೊಂದು ಸಲ ಹಾಕ್ತಾರೆ.’

ಬಂತು. ಅವನು ಕನ್ನಡಿಯ ಕಡೆ ಕೈ ತೋರಿದ. ಅವಳು ಎಲ್ಲರ ಮನೆಯಲ್ಲೂ ಎಲ್ಲರೂ ನೋಡುವಂತೆ ತಲೆಯೆತ್ತಿ ಟಿವಿಯನ್ನು ನೋಡಿದಳು.

‘ಬಲಗೈ ಕಣೋ ಅದು.’

‘ಎಡಗೈ ಅಕ್ಕಾ, ನೋಡಿಲ್ಲಿ, ಬೆನ್ನು ಈ ಕಡೆ ಇದೆ, ಲಾಠಿ...’

‘ನೀನು ಎಲ್ಲಿ ನೋಡ್ತಿದೀಯ?’

ಆ ಅಂಗಡಿಯಲ್ಲಿ ಟಿವಿ ಹಾಕಿದಂದಿನಿಂದ ಮೊದಲ ಬಾರಿ ಸಂಶಯಪ್ಪ ಹಿಂದಕ್ಕೆ ತಿರುಗಿ ನಿಂತು ಅದನ್ನು ನೇರವಾಗಿ ನೋಡಿದ. ಬೆನ್ನು ತಿರುಗಿಸಿದ ಪೇದೆ. ಬಲಗಡೆ ಲಾಠಿ. ಮತ್ತೆ ಕನ್ನಡಿ ನೋಡಿದ. ಎಡಗಡೆ. ಟಿವಿ ನೋಡಿದ. ಬಲಗಡೆ. ದಿನವಿಡೀ ಕನ್ನಡಿ ನೋಡಿಯೇ ಕತ್ತರಿ ಆಡಿಸುವ ಮನುಷ್ಯನಿಗೆ ಕನ್ನಡಿಯ ಲೋಕವೇ ಲೋಕವಾಗಿತ್ತು. ಅಲ್ಲಿ ತನ್ನ ಬಲಗೈ ಬಲಗಡೆಗೇ ಕಾಣುತ್ತದಲ್ಲ! ಅಕ್ಷರ ಉಲ್ಟಾ ಓಡುವುದನ್ನು ನೋಡಿ ದಿನಾ ನಕ್ಕವನು, ಅಕ್ಷರ ಉಲ್ಟಾ ಆದರೆ ಮನುಷ್ಯನೂ ಉಲ್ಟಾ ಆಗಿರುತ್ತಾನೆಂದು ಒಂದು ಸಲವೂ ಯೋಚಿಸಿರಲಿಲ್ಲ.

‘ಅಕ್ಕಾ...’

‘ಅವರು ಮುಂದಿನ ಗೇಟಲ್ಲಿ ಇರಲೇ ಇಲ್ಲ,’ ಎಂದಳು ಅಕ್ಕ. ಅವಳ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. ‘ಹಿಂದಿನ ಗೇಟಲ್ಲಿದ್ರು, ಆಂಬುಲೆನ್ಸ್ ಬಿಡೋ ಕಡೆ. ಜನ ನುಗ್ಗಿದಾಗ ಗೇಟು ಎಳೆದು ಹಾಕೋವಾಗ ಕೈ ಸಿಕ್ಕಿಕೊಳ್ತು. ಅವರ ಸಾಹೇಬ್ರಿಗೆ ಗೊತ್ತು ಅದು. ಗೊತ್ತಿದ್ದೂ ಮನೇಲಿರು ಅಂದ್ರು. “ಟಿವಿಯವರ ಬಾಯಿಗೆ ಒಂದು ಹೆಸರು ಬಿದ್ದಿದೆ. ಅವರೇ ಉಗುಳೋ ತನಕ ತೆಪ್ಪಗಿರು, ಇಲ್ಲಾಂದ್ರೆ ಠಾಣೇನೇ ಅಗೀತಾರೆ” ಅಂದ್ರಂತೆ.’

‘ಹಾಗಾದ್ರೆ ಲಾಠಿ ಎತ್ತಿದ್ದು ಯಾರು?’

ಅಕ್ಕ ಅವನನ್ನೇ ನೋಡಿದಳು. ‘ಇನ್ನೂ ಅದನ್ನೇ ಕೇಳ್ತೀಯಲ್ಲ,’ ಎಂದಳು. ಹೋಗುವಾಗ ಬಾಗಿಲಲ್ಲಿ ನಿಂತು ಇಷ್ಟೇ ಸೇರಿಸಿದಳು: ‘ಊರು ಅಂದಿದ್ರೆ ಸಹಿಸ್ತಿದ್ದೆ. ಇನ್ನು ನಮ್ಮ ಮನೆ ಬಾಗಿಲು ನಿನಗಲ್ಲ.’

ಲಾರಿ ಡ್ರೈವರ್ ವಾಪಸು ಬಂದು ಇನ್ನರ್ಧ ಗಡ್ಡಕ್ಕೆ ಕೂತ. ಅವನ ಕೆನ್ನೆಯಲ್ಲಿ ಒಂದು ಗೀರಾಯಿತು. ಅವತ್ತಿನವರೆಗೆ ಸಂಶಯಪ್ಪನ ಕೈಯಿಂದ ಗಿರಾಕಿಗೆ ಗೀರು ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ.

ಸಂಶಯಪ್ಪ ಅಂಗಡಿಗೆ ಬೀಗ ಹಾಕಿ ನೇರವಾಗಿ ಚಾನಲ್ಲಿನ ಕಚೇರಿಗೆ ಹೋದ. ಬೆಂಕಿಪೆಟ್ಟಿಗೆಯಂಥ ಕೋಣೆ, ಗೋಡೆಗೆ ಬಳಿದ ಹಸಿರು ಬಣ್ಣ, ಅದರ ಮುಂದೆ ಕೂತು ಅರಮನೆಯಲ್ಲಿದ್ದಂತೆ ಸುದ್ದಿ ಓದುತ್ತಿದ್ದ ಒಬ್ಬಳು. ಮೈಕು ಖುಷಿಯಿಂದ ಎದ್ದುಬಂದ.

‘ಬನ್ನಿ ಅಣ್ಣಾ! ಹೊಸ ವಿಷಯ ಏನಾದ್ರೂ?’

‘ಹಳೇ ವಿಷಯಾನೇ. ತಪ್ಪಾಯ್ತು ಅಂತ ಹೇಳೋಕೆ ಬಂದೆ. ನನ್ನ ಭಾವ ಅಲ್ಲ ಅದು.’

‘ಹೌದಾ? ಕೂತ್ಕೊಳ್ಳಿ. ಈ ಕಡೆ ನೋಡಿ ಹೇಳಿ.’

ಈ ಸಲ ಕೆಂಪು ದೀಪ ನೋಡಿಕೊಂಡೇ ಹೇಳಿದ. ಕನ್ನಡಿಯ ಕಥೆ ಹೇಳಿದ, ಎಡ ಬಲ ಹೇಳಿದ, ಹಿಂದಿನ ಗೇಟು ಹೇಳಿದ. ಹೇಳುವಾಗ ಬೆವರಿದ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಸಂಜೆ ಟಿವಿಯಲ್ಲಿ ಬಂದದ್ದು ಆ ಬೆವರು ಮತ್ತು ಆ ಟವೆಲು. ‘ತಪ್ಪಾಯ್ತು, ನನ್ನ ಭಾವ ಅಲ್ಲ ಅದು.’ ಕೆಳಗೆ ಕೆಂಪಕ್ಷರ: ‘ಬಾಮೈದ ಉಲ್ಟಾ! ಬೆದರಿಸಿದ್ದು ಯಾರು?’ ಬೆವರಿನ ಹನಿಗೆ ಒಂದು ವೃತ್ತ.

‘ಪಾಪ, ಠಾಣೆಗೆ ಕರ್ಕೊಂಡು ಹೋಗಿದ್ರಾ?’ ಎಂದು ಔಷಧಿ ಅಂಗಡಿಯವನು ಮರುದಿನ ಪಿಸುದನಿಯಲ್ಲಿ ಕೇಳಿದ. ‘ಎಲ್ಲಿ ಹೊಡೆದ್ರು? ಹೊರಗೆ ಕಾಣದ ಕಡೆ ಹೊಡೀತಾರಂತೆ.’

‘ಯಾರೂ ಹೊಡೆದಿಲ್ಲ ಮಾರಾಯ್ರೇ! ನಾನು ಕನ್ನಡೀಲಿ ನೋಡಿದ್ದೆ, ಅದಕ್ಕೆ ಹಂಗೆ ಕಾಣಿಸ್ತು.’

‘ಆಯ್ತಾಯ್ತು. ಹಾಗೇ ಹೇಳಿ. ಅದೇ ಕ್ಷೇಮ.’ ಔಷಧಿ ಅಂಗಡಿಯವನು ಕಣ್ಣು ಮಿಟುಕಿಸಿದ. ನೋವಿನ ಮಾತ್ರೆಗಳ ಒಂದು ಪೊಟ್ಟಣವನ್ನು ಹಲಗೆಯ ಮೇಲಿಟ್ಟು ಹೋದ.

ಸಂಶಯಪ್ಪ ಮಾತ್ರೆಗಳನ್ನು ನೋಡುತ್ತ ನಿಂತ. ಯಾರೂ ತನ್ನನ್ನು ನಂಬದಿರುವುದು ಹೇಗಿರುತ್ತದೆಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ. ಅಷ್ಟು ದಿನ ಅವನದು ಕತ್ತರಿ ಹಿಡಿಯುವ ಕಡೆ, ಕೂದಲಿನ ಕಡೆಯಲ್ಲ. ಮನೆಯಲ್ಲಿ ಅದನ್ನು ಹೇಳಿಕೊಂಡ.

‘ನಾನು ಟೀ ತಂದಾಗೆಲ್ಲ ನನಗಾಗ್ತಿದ್ದದ್ದು ಅದೇ,’ ಎಂದಳು ಹೆಂಡತಿ. ಟೀ ಕೊಟ್ಟಳು. ಅವನು ಏನೂ ಕೇಳದೆ ಕುಡಿದ. ‘ಏನು ವಿಷಯ?’ ಎಂದು ಈ ಸಲ ಅವಳೇ ಕೇಳಿದಳು.

ಅವನು ದಿನಾ ಸಂಜೆ ಅಕ್ಕನ ಬೀದಿಯ ತಿರುವಿನ ತನಕ ಹೋಗಿ ಹಿಂದಿರುಗುತ್ತಿದ್ದ. ಒಂದು ಸಲ ಧೈರ್ಯ ಮಾಡಿ ಬಕೆಟ್ಟು, ಬ್ರಷ್ಷು ಹಿಡಿದು ಗೋಡೆಯ ಮೇಲಿನ ಇದ್ದಿಲ ಲಾಠಿಯನ್ನು ತಿಕ್ಕಲು ಹೋದ. ಕಿಟಕಿ ಪಟ್ಟೆಂದು ಮುಚ್ಚಿತು. ತಿಕ್ಕಿದ. ಲಾಠಿ ಹೋಯಿತು, ಅದಿದ್ದ ಜಾಗ ಉಳಿದ ಗೋಡೆಗಿಂತ ಬೆಳ್ಳಗಾಗಿ ಲಾಠಿಯ ಆಕಾರದಲ್ಲೇ ಉಳಿಯಿತು.

ಭಾವನನ್ನು ಕಾಪಾಡಿದ್ದು ನ್ಯಾಯವಲ್ಲ, ಫುಟ್‌ಬಾಲು. ಮುಂದಿನ ಪಂದ್ಯದಲ್ಲಿ ಅದೇ ಗೋಲ್‌ಕೀಪರ್ ಬಂದ ಚೆಂಡನ್ನೆಲ್ಲ ತಡೆದ. ತಂಡ ಗೆದ್ದಿತು. ಮೈದಾನದಲ್ಲೇ ಮೈಕು ಅವನ ಬಾಯಿಗೆ ಮೈಕು ಹಿಡಿದು, ‘ಅವತ್ತಿನ ಲಾಠಿ ಏಟು ನಿಮ್ಮಲ್ಲಿ ಕಿಚ್ಚು ಹಚ್ಚಿತಾ?’ ಎಂದ.

ಹುಡುಗ ಗೆದ್ದ ಹುಮ್ಮಸ್ಸಿನಲ್ಲಿದ್ದ. ‘ಏಟು ಎಲ್ಲಿ ಬಿತ್ತು ಸಾರ್? ನನ್ನ ತುಳೀತಿದ್ದೋರನ್ನ ಓಡಿಸೋಕೆ ಎತ್ತಿದ್ದಲ್ವಾ ಅದು? ಅವತ್ತೇ ನಿಮಗೆ ಹೇಳಿದ್ನಲ್ಲ,’ ಎಂದುಬಿಟ್ಟ.

ಅದು ನೇರ ಪ್ರಸಾರ, ಕತ್ತರಿಗೆ ಎಡೆಯಿರಲಿಲ್ಲ. ಒಂದೇ ಸಲ ಬಂತು. ಮತ್ತೆ ಯಾರೂ ತೋರಿಸಲಿಲ್ಲ. ಅದಕ್ಕೆ ವೃತ್ತವಿಲ್ಲ, ಬಾಣವಿಲ್ಲ, ಸಂಗೀತವಿಲ್ಲ. ಮರುದಿನದಿಂದ ಚಾನಲ್ಲಿಗೆ ನೀರಿನ ಟ್ಯಾಂಕಿನಲ್ಲಿ ಸತ್ತ ಹಂದಿಯ ಸುದ್ದಿ ಸಿಕ್ಕಿತು. ಊರು ಲಾಠಿಯನ್ನು ಮರೆತು ಬಾಯಿಗೆ ಕೈ ಅಡ್ಡ ಹಿಡಿಯಿತು. ಗೋಲ್‌ಕೀಪರ್ ಹೇಳಿದ್ದೂ ಪೂರ್ತಿ ನಿಜವೋ, ಗೆದ್ದ ದಿನದ ಔದಾರ್ಯವೋ ಯಾರು ಬಲ್ಲರು? ಆ ಲಾಠಿ ಎತ್ತಿದ ಕೈ ಯಾರದೆಂದು ಇವತ್ತಿಗೂ ಯಾರೂ ಹೇಳಿಲ್ಲ. ಠಾಣೆಯವರು ಒಬ್ಬೊಬ್ಬರಾಗಿ ಮತ್ತೆ ಬಂದು ಕುರ್ಚಿಯಲ್ಲಿ ಕೂತಾಗ ಸಂಶಯಪ್ಪ ಅವರ ಬಲಗೈಗಳನ್ನು ಬಟ್ಟೆಯ ಕೆಳಗೆ ಮುಚ್ಚಿಬಿಡುತ್ತಿದ್ದ.

ಕೊನೆಗೊಂದು ಬೆಳಗ್ಗೆ ಭಾವ ಬಂದ. ಮಾರನೆಯ ದಿನದಿಂದ ಕೆಲಸಕ್ಕೆ ಬಾ ಎಂದಿದ್ದರಂತೆ. ಕೂದಲು ಕಿವಿ ಮುಚ್ಚಿತ್ತು. ಸಂಶಯಪ್ಪ ಕುರ್ಚಿಯ ಮೇಲಿನ ಕೂದಲು ಕೊಡವಿದ. ಭಾವ ಕುರ್ಚಿಯಲ್ಲಿ ಕೂತು, ಕಾಲಿನಿಂದ ನೆಲ ಒದ್ದು, ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿಕೊಂಡ. ಕನ್ನಡಿಗೆ ಬೆನ್ನು.

‘ಹೀಗೇ ಮಾಡು,’ ಎಂದ.

‘ಕನ್ನಡಿ ಇಲ್ದೆ ಹೆಂಗೆ ಭಾವ?’

‘ಕನ್ನಡಿ ನಾನೇ ತಂದು ಹಾಕಿದ್ದು. ಅದರ ತಪ್ಪಿಲ್ಲ. ಆದ್ರೂ ಇವತ್ತು ಬೇಡ. ನನ್ನ ಮುಖ ನೋಡ್ಕೊಂಡು ಮಾಡು.’

ಸಂಶಯಪ್ಪ ಭಾವನ ಎದುರಿಗೆ ಬಗ್ಗಿ ನಿಂತ. ಒಂದು ಅಂಗೈ ಅಂತರದಲ್ಲಿ ಆ ಮುಖ. ಕಣ್ಣಿನ ಕೆಳಗೆ ಕಪ್ಪು. ತಲೆಯೆತ್ತಿದರೆ ಎದುರಿನ ಕನ್ನಡಿಯಲ್ಲಿ ಭಾವನ ಹಿಂದಲೆ, ಅದರ ಮೇಲೆ ತನ್ನದೇ ಮೋರೆ. ನೋಡಲಾಗದೆ ಮತ್ತೆ ಬಗ್ಗಿದ. ಕತ್ತರಿ ತಡೆದು ತಡೆದು ನಡೆಯಿತು.

‘ಭಾವ, ಅವತ್ತೇ ನನ್ನನ್ನ ಬಂದು ಕೇಳಬಾರದಿತ್ತಾ? ಬೈಬಾರದಿತ್ತಾ?’

‘ನೀನು ಬಂದು ಕೇಳ್ತೀಯ ಅಂತ ನಾನು ಕಾದೆ,’ ಎಂದ ಭಾವ. ‘ಊರಿನ ಮೇಲೆಲ್ಲ ಅನುಮಾನ ಪಡ್ತೀಯ. ನಿನ್ನ ಕಣ್ಣಿನ ಮೇಲೆ ಒಂದು ಸಲ ಪಡಬಾರದಿತ್ತೇನೋ?’

ಸಂಶಯಪ್ಪ ಭಾವನ ಕತ್ತು ಒರೆಸಿ, ಪೌಡರು ಹಾಕಿ, ಬಟ್ಟೆ ಕೊಡವಿದ. ಭಾವ ಎದ್ದು, ಕನ್ನಡಿಯ ಕಡೆ ತಿರುಗದೆಯೇ, ‘ಹೆಂಗಿದೆ?’ ಎಂದ.

ಸಂಶಯಪ್ಪ ನೋಡಿದ. ಕಿವಿಯ ಮುಂದಿನ ಕೂದಲು ಒಂದು ಕಡೆ ಬೆರಳಗಲ ಮೇಲಿತ್ತು, ಇನ್ನೊಂದು ಕಡೆ ಕೆಳಗೆ. ಸರಿಮಾಡುವುದು ಅವನಿಗೆ ಒಂದು ಚಿಟಿಕೆಯ ಕೆಲಸ.

‘ಚೆನ್ನಾಗಿದೆ ಭಾವ. ಅಕ್ಕನಿಗೆ ತೋರಿಸಿ,’ ಎಂದ.

ಕೈತಪ್ಪಿ ಆದದ್ದೋ, ಬೇಕೆಂದೇ ಬಿಟ್ಟದ್ದೋ, ಆ ಲೆಕ್ಕ ಅವನಿಗೂ ಅವನ ಕತ್ತರಿಗೂ ಸೇರಿದ್ದು. ಭಾವ ಬಾಗಿಲು ದಾಟಿದ ಮೇಲೆ ಅವನು ಬೇರೆ ಗಿರಾಕಿಯನ್ನು ಕೂರಿಸಿಕೊಳ್ಳಲಿಲ್ಲ. ಸುಮ್ಮನೆ ನೆಲ ಗುಡಿಸಿದ. ಗುಡಿಸಿದ್ದನ್ನೇ ಮತ್ತೆ ಗುಡಿಸಿದ.

ಹೊತ್ತು ಇಳಿಯುವ ಮುಂಚೆ ಬಾಗಿಲಲ್ಲಿ ನೆರಳು ಬಿತ್ತು.

‘ಲೋ, ಏನೋ ಇದು ಅವತಾರ? ನಾಳೆ ಕೆಲಸಕ್ಕೆ ಹೋಗೋ ಮನುಷ್ಯ ಅವರು! ಎಡಗಡೆ ಕೂದಲು ಗಿಡ್ಡ, ಬಲಗಡೆ ಉದ್ದ. ಕಣ್ಣು ಕಾಣಲ್ವಾ ನಿನಗೆ?’

ಸಂಶಯಪ್ಪ ಪೊರಕೆ ಹಿಡಿದೇ ತಿರುಗಿದ. ‘ಎಡಗಡೆ ಅಂದ್ರೆ ಯಾರ ಎಡಗಡೆ ಅಕ್ಕಾ? ನೋಡೋರದ್ದಾ, ಭಾವಂದಾ?’

ಅಕ್ಕ ಬಾಯಿ ತೆರೆದಳು. ಬೈಯಲೆಂದೇ ತೆರೆದದ್ದು. ಆದರೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡು, ಒಂದು ಕಾಲು ಒಳಗೆ ಒಂದು ಕಾಲು ಹೊರಗೆ, ಹಾಗೇ ನಿಂತಳು.

‘ಕತ್ತರಿ ತಗೊಂಡು ಮನೆಗೆ ಬಾ,’ ಎಂದಳು ಕೊನೆಗೆ. ‘ನಾನು ಎದುರಿಗೆ ನಿಂತಿರ್ತೀನಿ. ನೋಡ್ಕೊಂಡು ಸರಿಮಾಡು.’

ಅವನು ಕತ್ತರಿ, ಬಾಚಣಿಗೆ ಬಟ್ಟೆಯಲ್ಲಿ ಸುತ್ತಿಕೊಂಡ. ಟಿವಿ ಆರಿಸಿದ. ಕೂದಲಿಗಾಗಿಯೇ ಕರೆಯುತ್ತಿದ್ದಾಳೋ, ಬೇರೇನಾದರೂ ಇದೆಯೋ ಎಂದು ಒಂದು ಗಳಿಗೆ ಅನ್ನಿಸಿತು. ಹುಟ್ಟುಗುಣ ಅದು, ಎಲ್ಲಿ ಹೋಗುತ್ತದೆ? ಕೇಳಲಿಲ್ಲ. ಬೀಗ ಹಾಕಿ ಅವಳ ಹಿಂದೆ ನಡೆದ.